ಸಿಳ್ಳೆ ಕಳಿಸಿದವರಿಗೆ ಪಾಠ ಬಿಟ್ಟಿ

ಅತ್ತೆ ಆಟದ ಟೀಚರ್ ಆಗಿದ್ದವರು. ವರ್ಷಗಟ್ಟಲೆ ಶಾಲೆಯ ಮೈದಾನದಲ್ಲಿ ನಿಂತು ಮಕ್ಕಳನ್ನು ಓಡಿಸಿದರೂ ಒಂದು ದಿನವೂ ಕೊರಳಿಗೆ ಪೀಪಿ ಕಟ್ಟಿಕೊಂಡವರಲ್ಲ. ಎರಡು ಬೆರಳು ಬಾಯಿಗಿಟ್ಟರೆ ಸಾಕು, ಮೈದಾನದ ಆ ತುದಿಯಲ್ಲಿ ಜಗಳವಾಡುತ್ತಿದ್ದ ಹುಡುಗರು ಎತ್ತಿದ ಕೈ ಎತ್ತಿದ ಹಾಗೇ ನಿಂತುಬಿಡುತ್ತಿದ್ದರು. ನಿವೃತ್ತಿಯಾದ ಮೇಲೆ ಆ ಸಿಳ್ಳೆಗೆ ಕೆಲಸವಿಲ್ಲದಂತಾಯಿತು. ಮಗ ಸೊಸೆಯರ ಐದನೇ ಮಹಡಿಯ ಮನೆಯಲ್ಲಿ ಮೈದಾನವೆಲ್ಲಿ ಬರಬೇಕು? ಮಗ ಲಿಫ್ಟ್ ರಿಪೇರಿಗೆಂದು ಬೆಳಿಗ್ಗೆ ಹೊರಟರೆ ಗ್ರೀಸು ಮೆತ್ತಿಕೊಂಡು ಸಂಜೆಗೇ ಬರುತ್ತಿದ್ದ. ಸೊಸೆ ಕಿವಿ ಮಿಷನ್ ಮಾರುವ ಅಂಗಡಿಯಲ್ಲಿ ಇಡೀ ದಿನ ಒಂದೇ ಮಾತನ್ನು ಮೂರು ಸಲ ಹೇಳಿ ಹೇಳಿ, ಮನೆಗೆ ಬಂದಮೇಲೂ ಅದೇ ಏರುದನಿಯಲ್ಲಿ ಉಪ್ಪು ಕೇಳುತ್ತಿದ್ದಳು.

ಹೀಗಿರುವಾಗ ಒಂದು ದಿನ ಕೆಳಮನೆಯವರ ನಾಯಿ ಹಗ್ಗ ಕಿತ್ತುಕೊಂಡು ದೊಡ್ಡ ರಸ್ತೆಯ ಕಡೆಗೆ ಓಡಿತು. ಬಾಲ್ಕನಿಯಲ್ಲಿ ಬಟ್ಟೆ ಒಣಗಹಾಕುತ್ತಿದ್ದ ಅತ್ತೆ, ಕ್ಲಿಪ್ಪುಗಳನ್ನು ಬಿಟ್ಟು ಬೆರಳು ಬಾಯಿಗಿಟ್ಟರು. ನಾಯಿ ನಿಂತಲ್ಲೇ ಕೂತಿತು. ಅದರ ಜೊತೆಗೆ ಒಂದು ಬ್ರೆಡ್ಡಿನ ವ್ಯಾನು, ಎರಡು ಸ್ಕೂಟರು, ಛತ್ರಿ ಹಿಡಿದು ಹೋಗುತ್ತಿದ್ದ ಒಬ್ಬ ಹಿರಿಯರು, ಎಲ್ಲರೂ ನಿಂತರು. ಹಿರಿಯರಂತೂ ತಮ್ಮನ್ನೇ ಕರೆದರೆಂದು ಭಾವಿಸಿ ಮೇಲೆ ನೋಡಿ ಕೈ ಬೀಸಿದರು. ಇದನ್ನೆಲ್ಲ ಎದುರು ಕಟ್ಟಡದ ಯಾರೋ ಫೋನಿನಲ್ಲಿ ಹಿಡಿದಿದ್ದರು. ವಾರ ಕಳೆಯುವಷ್ಟರಲ್ಲಿ ಆ ವಿಡಿಯೋ ಎಲ್ಲೆಲ್ಲಿಗೋ ಹೋಗಿ, "ನಮಗೂ ಕಲಿಸಿಕೊಡಿ" ಎಂಬ ಕೋರಿಕೆಗಳು ಬರತೊಡಗಿದವು.

ಪಾಠಗಳನ್ನು ವಿಡಿಯೋ ಮಾಡಿ ಮಾರೋಣ ಎಂದವಳು ಸೊಸೆ. ಸದ್ದಿನ ವಿಷಯದಲ್ಲಿ ಅವಳ ಕಿವಿ ಬಲು ಸೂಕ್ಷ್ಮ. ಹಾಲ್‌ನಲ್ಲಿ ಫ್ಯಾನಿನ ಗುಂಯ್, ಮಲಗುವ ಕೋಣೆಯಲ್ಲಿ ಪರದೆಗಳೇ ಸಿಳ್ಳೆಯನ್ನು ನುಂಗಿಬಿಡುತ್ತವೆ, ಅಡುಗೆಮನೆಯಲ್ಲಿ ಫ್ರಿಜ್ಜಿನ ಗೊರಕೆ. ಕೊನೆಗೆ ಬಚ್ಚಲುಮನೆಯೇ ಸೈ ಎಂದು ತೀರ್ಮಾನವಾಯಿತು. ಅತ್ತೆ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಮಗುಚಿಟ್ಟ ಬಕೆಟ್ಟಿನ ಮೇಲೆ ರಾಣಿಯ ಹಾಗೆ ಕೂತರು. ಮಗ ಲೈಟು ಹಿಡಿದುಕೊಂಡು ಕಮೋಡಿನ ಮುಚ್ಚಳದ ಮೇಲೆ ಹತ್ತಿ ನಿಂತ. ತುಟಿ ಒದ್ದೆ ಮಾಡಿ ಸಣ್ಣದೊಂದು ಸಿಳ್ಳೆ ಹಾಕುವುದರಿಂದ ಶುರುವಾಗಿ, ನಾಲಿಗೆ ಮಡಚುವುದು, ಬೆರಳಿಡುವುದು, ಉಸಿರು ಬಿಗಿಹಿಡಿಯುವುದು ಎಲ್ಲ ಆಗಿ, ಎಲ್ಲೆಲ್ಲಿ ಸಿಳ್ಳೆ ಹಾಕಬಾರದು ಎಂಬ ನೀತಿಪಾಠದವರೆಗೆ ಪಾಠಗಳು ತಯಾರಾದವು. ಆರನೆಯ ಪಾಠದ ನಡುವೆ ಮಗ ಒಂದು ಸಲ ಸೀನಿದ. ಅದನ್ನು ತೆಗೆಯಲು ಸೊಸೆ ಎಷ್ಟೋ ಹೆಣಗಿದಳು. ಸೀನು ಹೋದರೆ ಸಿಳ್ಳೆಯೂ ಹೋಗುತ್ತಿತ್ತು. ಹಾಗಾಗಿ ಇರಲಿ ಎಂದು ಬಿಟ್ಟಳು.

ವೆಬ್‌ಸೈಟು ತೆರೆದದ್ದಾಯಿತು. ಅತ್ತೆಯ ಹಳೆಯ ವಿದ್ಯಾರ್ಥಿಗಳು ಕೆಲವರು ಕೊಂಡರು, ನಾಯಿಯ ಮನೆಯವರು ಕೃತಜ್ಞತೆಗೆಂದು ಕೊಂಡರು. ಆಮೇಲೆ ತೆಪ್ಪಗಾಯಿತು. ಆ ಸಮಯಕ್ಕೆ ಸರಿಯಾಗಿ ಬೇರೊಂದು ತರಹದ ಇಮೇಲುಗಳು ಬರಲು ಹಿಡಿದವು.

ಬರೆಯುತ್ತಿದ್ದವರೆಲ್ಲ ಅಫಿಲಿಯೇಟ್ ಮಾರ್ಕೆಟರುಗಳು. ಅಂದರೆ, ಬೇರೆಯವರ ಸರಕನ್ನು ತಮ್ಮ ಚಾನೆಲ್ಲಿನಲ್ಲಿ ಪರಿಚಯಿಸಿ, ತಾವು ಕೊಟ್ಟ ಕೊಂಡಿಯ ಮೂಲಕ ಯಾರಾದರೂ ಕೊಂಡರೆ ಕಮಿಷನ್ ಪಡೆಯುವವರು. ನಿಮ್ಮ ಸಿಳ್ಳೆ ಪಾಠವನ್ನು ನಮ್ಮ ವೀಕ್ಷಕರಿಗೆ ತೋರಿಸುತ್ತೇವೆ, ಮಾರಾಟವಾದರೆ ನಮ್ಮ ಪಾಲು ಕೊಡಿ, ಆದರೆ ಅದಕ್ಕೆ ಮೊದಲು ವಿಮರ್ಶೆಗೆಂದು ಒಂದು ಪ್ರತಿ ಬಿಟ್ಟಿಯಾಗಿ ಕಳಿಸಿ ಎಂಬುದು ಎಲ್ಲರ ಒಂದೇ ರಾಗ.

ಕೊಡಬೇಕೋ ಬೇಡವೋ? ಊಟದ ಮೇಜಿನ ಮೇಲೆ ಈ ಪ್ರಶ್ನೆ ಸಾರಿನ ಪಾತ್ರೆಗಿಂತ ಹೆಚ್ಚು ಹೊತ್ತು ಕೂತಿತು.

ಸೊಸೆ ಸುತರಾಂ ಒಪ್ಪಲಿಲ್ಲ. ಅವಳಿಗೆ ಅಂಗಡಿಯ ಅನುಭವವಿತ್ತು. ಕಿವಿ ಮಿಷನ್ನನ್ನು ಒಂದು ವಾರ ಹಾಕಿ ನೋಡಿ ಎಂದು ಕೊಟ್ಟು ಕಳಿಸುವ ಪದ್ಧತಿ ಅವರಲ್ಲಿತ್ತು. ಕೆಲವರು ತಿರುಗಿ ಬರುತ್ತಿರಲಿಲ್ಲ.

"ಫೋನ್ ಮಾಡಿ ಕೇಳಿದ್ರೆ, ಏನಂದ್ರಿ, ಕೇಳಿಸ್ತಿಲ್ಲ ಅಂತಾರೆ ಅತ್ತೆ. ಕಿವೀಲಿ ನಮ್ಮದೇ ಮಿಷನ್ ಇಟ್ಕೊಂಡು" ಎಂದಳು. "ಪುಕ್ಕಟೆ ಸಿಕ್ರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನೋ ಜನ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ."

ಅತ್ತೆಯ ತರ್ಕ ಬೇರೆ. ರುಚಿ ನೋಡದವನು ಅಡುಗೆಯನ್ನು ಹೇಗೆ ಹೊಗಳಬೇಕು? ನೋಡದೆ ಹೊಗಳಿದರೆ ಅದು ಸುಳ್ಳು, ದುಡ್ಡು ಕೊಟ್ಟು ನೋಡು ಎಂದರೆ ಅದು ಜಿಪುಣತನ. ಅಷ್ಟಕ್ಕೂ ವಿಡಿಯೋ ತಾನೇ, ಒಬ್ಬರಿಗೆ ಕೊಟ್ಟರೆ ನಮ್ಮ ಹತ್ತಿರ ಇರುವುದೇನೂ ಸವೆಯುವುದಿಲ್ಲ. ಇಬ್ಬರೂ ಮಗನ ಕಡೆ ನೋಡಿದರು. ಅವನು ಹೆಂಡತಿ ಹೇಳುವುದೂ ಸರಿ, ಅಮ್ಮ ಹೇಳುವುದೂ ಸರಿ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು, ಉಪ್ಪಿನಕಾಯಿ ಹುಡುಕುವ ನೆಪದಲ್ಲಿ ಎದ್ದು ಹೋದ.

ಮರುದಿನ ಸೊಸೆ ಅಂಗಡಿಗೆ ಹೋದ ಮೇಲೆ ಅತ್ತೆ ಕಂಪ್ಯೂಟರಿನ ಮುಂದೆ ಕೂತರು. ಒಬ್ಬರಿಗೆ ಕಳಿಸಿ ನೋಡೋಣ ಎಂದು ಶುರುಮಾಡಿದ್ದು. ಕಳಿಸಿದ ಕೂಡಲೇ ಆ ಕಡೆಯಿಂದ ಧನ್ಯವಾದ, ನಗುಮುಖದ ಚಿತ್ರ, ಕೈಮುಗಿದ ಚಿತ್ರ ಬಂದವು. ಅತ್ತೆಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇನ್ನೊಬ್ಬರಿಗೆ ಕಳಿಸಿದರು. ಮತ್ತೊಂದು ಕೈಮುಗಿದ ಚಿತ್ರ. ಆಟದ ದಿನ ಮಿಠಾಯಿ ಹಂಚಿದ ಹಾಗೆ, ಕೇಳಿದವರಿಗೆಲ್ಲ ಹಂಚಿದರು. ಒಬ್ಬ ಕೇಳಿದ್ದು ಸಿಳ್ಳೆ ಪಾಠವನ್ನೇ ಅಲ್ಲ, ತಪ್ಪು ವಿಳಾಸಕ್ಕೆ ಬರೆದು ಯಾವುದೋ ಹಲ್ಲುಜ್ಜುವ ಬ್ರಷ್ಷಿನ ಮಾದರಿ ಕೇಳಿದ್ದ. ಅವನಿಗೂ ಒಂದು ಪ್ರತಿ ಹೋಯಿತು.

ಸಂಜೆ ಸೊಸೆಗೆ ಗೊತ್ತಾದಾಗ ಅವಳು ಬೈಯಲಿಲ್ಲ. ಕುರ್ಚಿಯಲ್ಲಿ ಕೂತು, ಬ್ರಷ್ಷಿನವನ ಇಮೇಲನ್ನು ಎರಡು ಸಲ ಓದಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಕ್ಕು ಮುಗಿಸಿ, ಸರಿ, ಕಾದು ನೋಡೋಣ, ಯಾರು ಏನು ಹೇಳುತ್ತಾರೋ ಎಂದಳು.

ಕಾದರು. ಬಾವಿಗೆ ಕಲ್ಲು ಹಾಕಿದರೆ ಗುಳುಂ ಎಂದಾದರೂ ಅನ್ನುತ್ತದೆ, ಇಲ್ಲಿ ಅದೂ ಇಲ್ಲ. ಕೈಮುಗಿದವರೆಲ್ಲ ಮುಗಿದ ಕೈಯಲ್ಲೇ ಮಾಯವಾಗಿದ್ದರು. ಬ್ರಷ್ಷಿನವನೊಬ್ಬ ಮಾತ್ರ, ಇದು ನಾನು ಕೇಳಿದ್ದಲ್ಲ ಎಂದು ಮರ್ಯಾದೆಯಿಂದ ತಿಳಿಸಿದ್ದ.

ಅಂತೂ ಒಂದು ವಿಮರ್ಶೆ ಬಂತು. ಸೂಟು ಹಾಕಿಕೊಂಡ, ಲಕ್ಷಾಂತರ ವೀಕ್ಷಕರಿರುವ ಒಬ್ಬ ದೊಡ್ಡ ಕುಳ ಅದನ್ನು ಮಾಡಿದ್ದ. ಮೂವರೂ ಸೋಫಾದಲ್ಲಿ ಒತ್ತಿಕೊಂಡು ಕೂತು ನೋಡಿದರು. ಸೂಟಿನವನು ಹಿಮ್ಮೇಳದ ಸಂಗೀತ ಹಾಕಿಕೊಂಡು ಹೊಗಳಿದ್ದೇ ಹೊಗಳಿದ್ದು. ಇದು ನನ್ನ ಬದುಕನ್ನೇ ಬದಲಿಸಿತು ಎಂದ. ಈ ಗುರುಗಳು ಕೊಳಲಿನ ಮೂಲಕ ಉಸಿರಾಟ ಕಲಿಸುವ ವಿಧಾನ ಅಪೂರ್ವ ಎಂದ. ಸಮುದ್ರದ ದಂಡೆಯಲ್ಲಿ ಚಿತ್ರೀಕರಿಸಿದ ಪಾಠಗಳು ಕಣ್ಣಿಗೆ ಹಬ್ಬ ಎಂದ.

ಅತ್ತೆ ಬಚ್ಚಲುಮನೆಯ ಬಾಗಿಲ ಕಡೆ ತಿರುಗಿ ನೋಡಿದರು.

"ಕೊಳಲು ಎಲ್ಲಿತ್ತಮ್ಮಾ?" ಎಂದು ಮಗ ಕೇಳಿದ.

"ಸಮುದ್ರ ಎಲ್ಲಿತ್ತೋ, ಅಲ್ಲೇ ಇರಬೇಕು" ಎಂದಳು ಸೊಸೆ.

ಅವರಿಬ್ಬರಿಗೂ ನಗು ತಡೆಯಲಾಗಲಿಲ್ಲ. ಅತ್ತೆ ಮಾತ್ರ ನಗಲಿಲ್ಲ. ಬಕೆಟ್ಟಿನ ಮೇಲೆ ಕೂತು ಸೊಂಟ ಹಿಡಿದುಕೊಂಡದ್ದು, ನಾಲಿಗೆ ಮಡಚುವುದನ್ನು ಹತ್ತು ಸಲ ತೋರಿಸಿದ್ದು, ಎಲ್ಲ ಅವರ ಮುಖದಲ್ಲಿ ಕಾಣುತ್ತಿತ್ತು. ಬೈದಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ, ನೋಡಿ ಬೈದಂತಾದರೂ ಆಗುತ್ತಿತ್ತು ಎಂದರು. ಇನ್ನುಮುಂದೆ ಒಬ್ಬ ನರಪಿಳ್ಳೆಗೂ ಬಿಟ್ಟಿ ಕೊಡುವುದಿಲ್ಲ ಎಂದು ಶಪಥವನ್ನೇ ಮಾಡಿಬಿಟ್ಟರು.

ವಿಚಿತ್ರವೆಂದರೆ, ಅಷ್ಟು ದಿನ ಬೇಡ ಬೇಡ ಎನ್ನುತ್ತಿದ್ದ ಸೊಸೆಯ ಮನಸ್ಸು ಅಂದೇ ತಿರುಗಿತು. ಅತ್ತೆ ಹೇಳಿದ ರುಚಿಯ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಪ್ರತಿ ಕೊಡದೇ ಇದ್ದರೆ ಎಲ್ಲರೂ, ಪ್ರತಿ ಕೈಯಲ್ಲಿದ್ದೂ ನೋಡದ ಸೂಟಿನವನ ಹಾಗೆಯೇ ಊಹಿಸಿ ಹೊಗಳುತ್ತಾರೆ. ನಿಜವಾಗಿ ನೋಡುವವರಿಗೆ ಕೊಡಲೇಬೇಕು. ಆದರೆ ಅಂಥವರನ್ನು ಕಂಡುಹಿಡಿಯುವುದು ಹೇಗೆ? ಈಗ ಸೊಸೆ ಕೊಡೋಣ ಎನ್ನುವವಳು, ಅತ್ತೆ ಬೇಡ ಎನ್ನುವವರು. ಮೇಜು ಅದೇ, ಸಾರು ಅದೇ, ಕುರ್ಚಿಗಳು ಮಾತ್ರ ಅದಲು ಬದಲು. ಮಗ ಯಾವ ಕಡೆ ತಲೆ ಆಡಿಸಬೇಕೆಂದು ತೋಚದೆ, ಜೀವನದಲ್ಲಿ ಮೊದಲ ಬಾರಿಗೆ ಒಂದು ಸ್ವಂತ ಅಭಿಪ್ರಾಯ ಹೇಳಿದ.

"ಮೊದಲನೇ ಪಾಠ ಎಲ್ರಿಗೂ ಕೊಟ್ಬಿಡಿ. ಅದನ್ನ ನೋಡಿ ಸಿಳ್ಳೆ ಹಾಕಿ, ರೆಕಾರ್ಡ್ ಮಾಡಿ ಕಳಿಸ್ಲಿ. ಸಿಳ್ಳೆ ಕಳಿಸಿದೋರಿಗೆ ಉಳಿದಿದ್ದೆಲ್ಲ ಬಿಟ್ಟಿ. ನೋಡದೆ ಇದ್ದೋನು ಸಿಳ್ಳೆ ಎಲ್ಲಿಂದ ತರ್ತಾನೆ?"

ಇಬ್ಬರು ಹೆಂಗಸರೂ ಅವನನ್ನು ಹೊಸಬನನ್ನು ನೋಡುವಂತೆ ನೋಡಿದರು. ಅತ್ತೆ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು.

ಎಲ್ಲಿಂದ ತರುತ್ತಾರೆ ಎಂಬುದು ಮುಂದಿನ ಭಾನುವಾರ ತಿಳಿಯಿತು.

ಸೊಸೆ ಅಂಗಡಿಯಿಂದ ಒಳ್ಳೆಯ ಹೆಡ್‌ಫೋನು ತಂದಿದ್ದಳು. ಊಟವಾದ ಮೇಲೆ ಮೂವರೂ ನ್ಯಾಯಾಧೀಶರ ಹಾಗೆ ಕೂತು, ಬಂದ ರೆಕಾರ್ಡುಗಳನ್ನು ಒಂದೊಂದಾಗಿ ಕೇಳತೊಡಗಿದರು. ಮೊದಲನೆಯದು ಅಂದವಾದ ಸಿಳ್ಳೆ. ಅಂದ ಸ್ವಲ್ಪ ಹೆಚ್ಚೇ ಆಗಿತ್ತು. ಸೊಸೆ ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿ, ಇದು ಹಕ್ಕಿ, ಹಿಂದೆ ಎಲೆ ಅಲುಗುವ ಸದ್ದೂ ಇದೆ ಎಂದಳು. ಎರಡನೆಯದು ರೈಲು. ಅವನಿಗೆ ನಾಚಿಕೆಯಾದರೂ ಇರಬೇಕಿತ್ತು, ರೈಲು ದೂರ ಹೋದದ್ದೂ ಕೇಳಿಸುತ್ತಿತ್ತು. ಮೂರನೆಯದು ಸಣ್ಣಗೆ ಶುರುವಾಗಿ, ಜೋರಾಗಿ ಕೂಗಿ, ಬುಸ್ಸೆಂದು ನಿಂತಿತು.

"ಇದು ಕುಕ್ಕರು" ಎಂದರು ಅತ್ತೆ. ಅದಕ್ಕೆ ಹೆಡ್‌ಫೋನೂ ಬೇಕಾಗಿರಲಿಲ್ಲ.

ನಿಮ್ಮ ಸಿಳ್ಳೆ ತಲುಪಿತು, ಪರಿಶೀಲಿಸುತ್ತಿದ್ದೇವೆ ಎಂದಷ್ಟೇ ಸೊಸೆ ಅವನಿಗೆ ಬರೆದಳು. ಅವನು ಕ್ಷಣದಲ್ಲೇ, ಅದು ಖಂಡಿತ ಕುಕ್ಕರ್ ಅಲ್ಲ ಎಂದು ಉತ್ತರಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇಲ್ಲಿ ಕುಂಬಳಕಾಯಿ ಎಂದು ಯಾರೂ ಅಂದಿರಲೇ ಇಲ್ಲ. ಅತ್ತೆ ಸೋಫಾದಿಂದ ಜಾರಿ ನೆಲದ ಮೇಲೆ ಕೂತು ನಕ್ಕರು. ಸೂಟಿನವನ ಮೇಲಿನ ಬೇಜಾರಿನಲ್ಲಿ ಅದುಮಿಟ್ಟಿದ್ದ ನಗುವೆಲ್ಲ ಅಂದು ಒಟ್ಟಿಗೇ ಹೊರಗೆ ಬಂತು. ಕೆಟಲ್ಲು ಬಂತು, ಬಾಗಿಲ ಸಂದಿನ ಗಾಳಿ ಬಂತು, ಯಾರದೋ ಗೊರಕೆ ಬಂತು. ಮಗ ಹೊಟ್ಟೆ ಹಿಡಿದುಕೊಂಡು, ಸಾಕು ನಿಲ್ಲಿಸಿ ಎಂದು ಬೇಡಿಕೊಳ್ಳುವ ಸ್ಥಿತಿಗೆ ಬಂದ.

ಕೊನೆಗೊಂದು ಉಳಿಯಿತು. ಹಾಕಿದರು. ಫೂ ಎಂದು ಬರೀ ಗಾಳಿ. ಮತ್ತೆ ಫೂ. ಸ್ವಲ್ಪ ಉಗುಳು ಸಿಡಿದ ಸದ್ದು. ಹಿಂದೆ ಒಬ್ಬ ಹೆಂಗಸು ಬಿಕ್ಕಿ ಬಿಕ್ಕಿ ನಗುತ್ತಿದ್ದಾಳೆ. ಮತ್ತೆ ಫೂ. ನಗು ಇನ್ನೂ ಜೋರು. ಅಲ್ಲಿಗೆ ರೆಕಾರ್ಡು ಮುಗಿಯಿತು. ಜೊತೆಗಿದ್ದ ಸಾಲು ಹೀಗಿತ್ತು: ಪಾಠ ನೋಡಿದೆ. ನಾಲ್ಕು ದಿನ ಪ್ರಯತ್ನಪಟ್ಟೆ. ಬರುತ್ತಿಲ್ಲ. ನಗುತ್ತಿರುವವಳು ನನ್ನ ಹೆಂಡತಿ, ಕ್ಷಮಿಸಿ.

ಬರೆದವನು ಕೊಡೆ, ಟಾರ್ಚು, ಬೀಗಗಳನ್ನು ಪರೀಕ್ಷೆ ಮಾಡಿ ತೋರಿಸುವ ಒಬ್ಬ ನಡುವಯಸ್ಸಿನವನು. ವೀಕ್ಷಕರು ಅವನನ್ನು ಕೊಡೆ ಮಾಮ ಎಂದು ಕರೆಯುತ್ತಿದ್ದರು. ಅವನ ಚಾನೆಲ್ಲೇನೂ ದೊಡ್ಡದಲ್ಲ. ಸೊಸೆ ಅವನ ಹಳೆಯದೊಂದು ವಿಡಿಯೋ ಹಾಕಿ ನೋಡಿದಳು. ಬಟ್ಟೆ ಹಾಕಿಕೊಂಡೇ ಷವರಿನ ಕೆಳಗೆ ಕೊಡೆ ಹಿಡಿದು ನಿಂತು, ಎಡ ಭುಜ ಒದ್ದೆಯಾಯಿತು, ಈ ಕೊಡೆ ಕೊಳ್ಳಬೇಡಿ ಎಂದು ಬಹಳ ದುಃಖದಿಂದ ಹೇಳುತ್ತಿದ್ದ.

"ಇವನಿಗೆ ಕೊಡು" ಎಂದರು ಅತ್ತೆ.

ಮಗನಿಗೆ ತನ್ನ ಜೀವಮಾನದ ಏಕೈಕ ನಿಯಮ ಮುರಿಯುವುದು ಸರಿಬರಲಿಲ್ಲ. ಸಿಳ್ಳೆ ಎಲ್ಲಿ ಬಂದಿದೆ, ಬರೀ ಗಾಳಿ ಎಂದು ವಾದಿಸಿದ.

"ಗಾಳಿಯಾದ್ರೂ ಅವನದೇ ಅಲ್ವೇನೋ. ಉಳಿದೋರದ್ದು ನೋಡಿದ್ಯಲ್ಲ, ಒಬ್ಬನದು ಕುಕ್ಕರು, ಒಬ್ಬನದು ರೈಲು. ಬರ್ಲಿಲ್ಲ ಅಂತ ಬಾಯಿಬಿಟ್ಟು ಹೇಳಿದವನು ಇವನೊಬ್ಬನೇ. ನನ್ ಪಾಠ ಸರಿ ಇಲ್ದಿದ್ರೆ ಅದನ್ನೂ ಹೇಳ್ತಾನೆ."

"ಅದೇ ಭಯ ನಂಗೆ" ಎಂದಳು ಸೊಸೆ. ಆದರೂ ಅವಳ ಬೆರಳು ಆಗಲೇ ಕಳಿಸುವ ಗುಂಡಿಯ ಮೇಲಿತ್ತು. ಒಂದು ಕ್ಷಣ ಅತ್ತೆಯ ಮುಖ ನೋಡಿದಳು. ಹೊಗಳಿದರೆ ನೊಂದುಕೊಂಡ ಈ ಹೆಂಗಸು ತೆಗಳಿದರೆ ತಡೆದುಕೊಳ್ಳುತ್ತಾರೋ ಇಲ್ಲವೋ? ಅತ್ತೆ ಗಲ್ಲ ಎತ್ತಿ, ಓಟದ ಗೆರೆಯ ಮೇಲೆ ನಿಂತವರ ಹಾಗೆ ಕೂತಿದ್ದರು. ಸೊಸೆ ಗುಂಡಿ ಒತ್ತಿದಳು. ಇಂಥದ್ದೇ ಹೇಳಬೇಕು ಎಂಬ ಷರತ್ತನ್ನು ಹಾಕಲಿಲ್ಲ, ಬಿಟ್ಟಿ ಪ್ರತಿ ಸಿಕ್ಕಿದೆ ಎಂಬುದನ್ನು ಮಾತ್ರ ವೀಕ್ಷಕರಿಗೆ ಮುಚ್ಚಿಡಬೇಡಿ ಎಂದು ಬರೆದಳು.

ಕೊಡೆ ಮಾಮನ ವಿಮರ್ಶೆ ಬರಲು ತಿಂಗಳೇ ಹಿಡಿಯಿತು. ಬಂದದ್ದು ಒಂದು ಬೆಳಿಗ್ಗೆ, ಸೊಸೆ ಅಂಗಡಿಗೆ ಹೊರಟು ಲಿಫ್ಟಿನಲ್ಲಿ ಇಳಿಯುತ್ತಿದ್ದಾಗ. ಅವಳು ಕೆಳಗೆ ತಲುಪಿದವಳು ಹೊರಗೆ ಬರದೆ, ಅದೇ ಲಿಫ್ಟಿನಲ್ಲಿ ಮತ್ತೆ ಮೇಲೆ ಬಂದು, ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಿ ಅತ್ತೆಯ ಮುಂದೆ ಫೋನು ಹಿಡಿದಳು. ಇನ್ನೂ ಕೆಲಸಕ್ಕೆ ಹೊರಡದಿದ್ದ ಮಗನೂ ಬಂದು ಇಣುಕಿದ.

ಕೊಡೆ ಮಾಮ ಅಡುಗೆಮನೆಯಲ್ಲಿ ನಿಂತು ಮಾತಾಡುತ್ತಿದ್ದ. ಈ ಪಾಠಗಳನ್ನು ನನಗೆ ಬಿಟ್ಟಿಯಾಗಿ ಕೊಟ್ಟಿದ್ದಾರೆ, ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ನನ್ನ ಮಾತು ಕೇಳಿ ಎಂದು ಶುರುಮಾಡಿದ. ನಾಲ್ಕನೆಯ ಪಾಠ ಬೇಕಾದ್ದಕ್ಕಿಂತ ಉದ್ದವಾಯಿತು. ಕಟ್ಟಿಸಿಕೊಂಡ ಹಲ್ಲಿರುವವರು ಏನು ಮಾಡಬೇಕೆಂದು ಎಲ್ಲೂ ಹೇಳಿಲ್ಲ. ಆರನೆಯ ಪಾಠದಲ್ಲಿ ಯಾರೋ ಸೀನುತ್ತಾರೆ. ಇಲ್ಲಿ ಮಗ ತಲೆ ತಗ್ಗಿಸಿದ. ಕೊನೆಯದಾಗಿ, ಎಲ್ಲ ಪಾಠಗಳನ್ನೂ ಮೂರು ಮೂರು ಸಲ ನೋಡಿದ ಮೇಲೂ ನನಗೆ ಸಿಳ್ಳೆ ಬರಲಿಲ್ಲ ಎಂದು ಅವನು ಕೊಡೆಯ ವಿಷಯ ಹೇಳಿದಷ್ಟೇ ದುಃಖದಿಂದ ಹೇಳಿದ.

ಅತ್ತೆ ಫೋನಿನ ಕಡೆಗೆ ಇನ್ನಷ್ಟು ಬಗ್ಗಿದರು.

"ಆದರೆ" ಎಂದ ಕೊಡೆ ಮಾಮ. ಅಷ್ಟರಲ್ಲಿ ಅವನ ಹಿಂದೆ ಎಲ್ಲಿಂದಲೋ ಒಂದು ಸಿಳ್ಳೆ ಬಂತು. ಎಂಥ ಸಿಳ್ಳೆ ಎಂದರೆ, ಶೆಲ್ಫಿನ ಲೋಟಗಳು ಕಿಣಿಗುಟ್ಟಿದವು, ಅವನು ಬೆಚ್ಚಿ ಕೈಲಿದ್ದ ಚಮಚ ಬೀಳಿಸಿದ. "ಅದು ನನ್ನ ಹೆಂಡತಿ. ನನ್ನನ್ನು ನೋಡಿ ನಗೋಕೆ ಅಂತ ಪಕ್ಕದಲ್ಲಿ ಕೂತಿದ್ಲು, ಪೂರ್ತಿ ಪಾಠ ಬಂದ ಎರಡನೇ ದಿನಕ್ಕೇ ಕಲಿತ್ಬಿಟ್ಲು. ಮುಂಚೆ ಸಂತೆಯಲ್ಲಿ ತಪ್ಪಿಸ್ಕೊಂಡ್ರೆ ಒಂದರ್ಧ ಗಂಟೆ ನೆಮ್ಮದಿಯಾಗಿರ್ತಿದ್ದೆ. ಈಗ ಮೂರು ಬೀದಿ ಆಚೆ ಇದ್ರೂ ಸಿಳ್ಳೆ ಬರುತ್ತೆ, ಕಾಲು ತಾನಾಗೇ ವಾಪಸ್ ತಿರುಗುತ್ತೆ. ಹೆಂಗಸರು ಧಾರಾಳವಾಗಿ ಕೊಳ್ಳಿ. ಗಂಡಸರೇ, ನಿಮ್ಮ ಮನೆಗೆ ಇದು ಬರದ ಹಾಗೆ ನೋಡ್ಕೊಳ್ಳಿ."

ಅತ್ತೆ ಫೋನನ್ನು ಸೊಸೆಯ ಕೈಗೆ ಕೊಟ್ಟು, ಬಾಲ್ಕನಿಗೆ ಹೋಗಿ, ಒಣಗಿದ ಬಟ್ಟೆಗಳನ್ನು ಸುಮ್ಮನೆ ಮಡಚತೊಡಗಿದರು. ಅತ್ತೆಗೆ ಬೇಜಾರಾಯಿತೇನೋ ಎಂದು ಸೊಸೆ ಹಿಂದೆಯೇ ಹೋದಳು.

"ನಾಲ್ಕನೇದು ಉದ್ದ ಆಯ್ತು ಅಂತ ನಂಗೂ ಅನ್ಸಿತ್ತು ಕಣೇ" ಎಂದರು ಅತ್ತೆ. ಅವರ ಮುಖ ಪೂರಾ ಅರಳಿತ್ತು. "ನೋಡಿದ್ದಾನೆ. ಕೂತು ಪೂರ್ತಿ ನೋಡಿದ್ದಾನೆ."

ಸೊಸೆ ಅಂಗಡಿಗೆ ತಡವಾಗಿ ಮುಟ್ಟಿದಳು. ಅಂದಿನ ಮೊದಲ ಗಿರಾಕಿ ತೀರಾ ಕಿವಿ ಮಂದವಾಗಿದ್ದ ಒಬ್ಬ ಮುದುಕರು, ಹಿಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಅವಳು ಫೋನನ್ನು ಮೇಜಿನ ಡ್ರಾಯರಿನಲ್ಲಿಟ್ಟು, ಹೊಸ ಮಿಷನ್ನನ್ನು ಅವರ ಕಿವಿಗೆ ಕೂರಿಸಿ, ಈಗ ಏನಾದರೂ ಕೇಳಿಸುತ್ತಿದೆಯೇ ಎಂದು ಕೇಳಿದಳು. ಟಿಣ್ ಟಿಣ್ ಎನ್ನುತ್ತಿದೆ ಎಂದರು ಮುದುಕರು. ಮಿಷನ್ನಿನ ದೋಷವಿರಬೇಕೆಂದು ಅವಳು ಸದ್ದು ತಗ್ಗಿಸಿದಳು. ಆದರೂ ಟಿಣ್ ಎನ್ನುತ್ತಿದೆ ಎಂದರು. ಬೇರೆ ಮಿಷನ್ ಹಾಕಿದಳು. ಈಗ ಇನ್ನೂ ಜಾಸ್ತಿ ಎಂದರು. ಕೆಟ್ಟಿರುವುದು ತನ್ನ ಕಿವಿಯೋ ಅವರದೋ ಎಂದು ಗಾಬರಿಯಾಗಿ ಅವಳು ಉಸಿರು ಹಿಡಿದು ಆಲಿಸಿದಳು. ಸದ್ದು ಡ್ರಾಯರಿನಿಂದ ಬರುತ್ತಿತ್ತು. ಯಾರಾದರೂ ಪಾಠ ಕೊಂಡರೆ ಸಣ್ಣಗೆ ಗಂಟೆ ಬಾರಿಸುವಂತೆ ಫೋನಿಗೆ ಹೇಳಿಟ್ಟವಳು ತಾನೇ. ಅಲ್ಲಿಯವರೆಗೆ ಅದು ವಾರಕ್ಕೊಮ್ಮೆ ಬಾರಿಸಿದರೆ ಹೆಚ್ಚು. ಈಗ ಡ್ರಾಯರಿನೊಳಗೆ ಜಾತ್ರೆಯೇ ನಡೆದಿತ್ತು.

ಅವಳು ಡ್ರಾಯರು ತೆರೆದಳು. ಟಿಣ್ ಟಿಣ್ ಟಿಣ್ ಎಂದು ಸದ್ದು ಅಂಗಡಿ ತುಂಬಿತು. ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಮುದುಕರಂತೂ ಏನೂ ತಿಳಿಯದಿದ್ದರೂ, ಎಷ್ಟೋ ವರ್ಷಗಳ ಮೇಲೆ ಗಂಟೆಯ ದನಿ ಇಷ್ಟು ಸ್ವಚ್ಛವಾಗಿ ಕೇಳಿಸಿದ ಖುಷಿಯಲ್ಲಿ ಕುರ್ಚಿಯ ಕೈಯ ಮೇಲೆ ಬೆರಳು ಕುಟ್ಟುತ್ತ ತಾಳ ಹಾಕತೊಡಗಿದರು. ಆ ಎರಡನೇ ಮಿಷನ್ನನ್ನೇ ಕೊಂಡುಕೊಂಡು ಹೋದರು.

ಮುಂದಿನ ಭಾನುವಾರ ಕೊಡೆ ಮಾಮ, ಅವನ ಹೆಂಡತಿ ಇಬ್ಬರೂ ಮನೆಗೆ ಬಂದರು. ಕರೆದವರು ಅತ್ತೆ. ಬಾರದವನಿಗೆ ಬರುವ ಹಾಗೆ ಮಾಡದಿದ್ದರೆ ತಾನೆಂಥ ಟೀಚರು ಎಂಬುದು ಅವರ ಹಟ. ಕೊಡೆ ಮಾಮ ವಿಡಿಯೋದಲ್ಲಿ ಕಾಣುವುದಕ್ಕಿಂತ ಎತ್ತರ, ಇನ್ನೂ ಹೆಚ್ಚು ಸಂಕೋಚದ ಮನುಷ್ಯ. ಅವನ ಹೆಂಡತಿ ಬಾಗಿಲಲ್ಲೇ ಅತ್ತೆಯ ಎರಡೂ ಕೈ ಹಿಡಿದುಕೊಂಡು, ಬಾಯಲ್ಲಿ ಮಾತಾಡುವುದೇ ಈಗ ಬೇಸರ ಟೀಚರ್ ಎಂದಳು.

ಅತ್ತೆ ತಡಮಾಡಲಿಲ್ಲ. ಕೊಡೆ ಮಾಮನನ್ನು ಬಚ್ಚಲುಮನೆಗೆ ಕರೆದೊಯ್ದು ಬಕೆಟ್ಟಿನ ಮೇಲೆ ಕೂರಿಸಿದರು. ಅವನು ಜೇಬಿನಿಂದ ತಾನೇ ಪರೀಕ್ಷೆ ಮಾಡಿ ಮೆಚ್ಚಿದ್ದ ಟಾರ್ಚು ತೆಗೆದುಕೊಟ್ಟ. ಅತ್ತೆ ಅದನ್ನು ಅವನ ಬಾಯೊಳಗೆ ಬಿಟ್ಟು, ಆ ಎನ್ನು, ನಾಲಿಗೆ ಮಡಚು, ಊದು ಎಂದು ನೋಡಿದರು. ಉಳಿದ ಮೂವರು ಬಾಗಿಲಲ್ಲಿ ತಲೆಗೆ ತಲೆ ತಾಗಿಸಿ ನಿಂತಿದ್ದರು. ನೋಡಿ ನೋಡಿ ಅತ್ತೆಗೆ ಗುಟ್ಟು ಸಿಕ್ಕಿತು. ಅವನು ಮಡಚಿದ ನಾಲಿಗೆಯನ್ನು ಕೆಳಹಲ್ಲಿಗೆ ಒತ್ತಿ ಹಿಡಿದು ಗಾಳಿಯ ದಾರಿಯನ್ನೇ ಮುಚ್ಚುತ್ತಿದ್ದ. ಸ್ವಲ್ಪ ಹಿಂದಕ್ಕೆ ತೆಗೆದುಕೋ ಎಂದರು. ಫೂ. ಇನ್ನೂ ಸ್ವಲ್ಪ. ಫೂ. ಹೆಂಡತಿ ನಗಲು ಬಾಯಿ ತೆರೆದಳು, ಅಷ್ಟರಲ್ಲಿ ಫೂ ಎನ್ನುವುದು ಫೀ ಆಗಿ, ಫೀ ಎನ್ನುವುದು ಸೀಳಿಕೊಂಡು, ಬಚ್ಚಲುಮನೆಯ ಅಷ್ಟೂ ಟೈಲ್ಸು ಒಂದೇ ಸಲ ಕಿರುಚಿದ ಹಾಗೆ ಸಿಳ್ಳೆ ಹೊರಬಿತ್ತು.

ಕೊಡೆ ಮಾಮ ತನ್ನ ಬೆರಳುಗಳನ್ನೇ ನೋಡಿಕೊಂಡ. ಮತ್ತೆ ಹಾಕಿದ. ಮತ್ತೆ ಬಂತು. ಆಮೇಲೆ ಅವನನ್ನು ಹಿಡಿಯುವವರಿಲ್ಲ. ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಹಾಲ್‌ಗೆ ಬಂದು ಹಾಕಿದ, ಬಾಲ್ಕನಿಗೆ ಹೋಗಿ ಹಾಕಿದ, ಕುಣಿಯುತ್ತ ಹಾಕಿದ. ಹೆಂಡತಿ ಉತ್ತರ ಕೊಟ್ಟಳು. ಕೆಳಮನೆಯವರು ಪೊರಕೆಯ ಹಿಡಿಯಿಂದ ತಾರಸಿ ಕುಟ್ಟಿದರು. ಅದನ್ನು ಮೆಚ್ಚುಗೆ ಎಂದುಕೊಂಡು ಅವನು ಇನ್ನೂ ಜೋರಾಗಿ ಹಾಕಿದ.

ದಣಿದು ಕೂತ ಮೇಲೆ ಅವನ ಮುಖ ಸಪ್ಪಗಾಯಿತು. ಏನೆಂದು ಕೇಳಿದರೆ, ನನ್ನ ವಿಮರ್ಶೆ ಸುಳ್ಳಾಯಿತಲ್ಲ ಎಂದ. ನನಗೆ ಬರಲೇ ಇಲ್ಲ, ಗಂಡಸರು ದೂರವಿರಿ ಎಂದು ಹೇಳಿಬಿಟ್ಟಿದ್ದೇನೆ, ಇವತ್ತೇ ತಿದ್ದುಪಡಿ ಹಾಕಬೇಕು. ಅತ್ತೆಗೆ ಅವನ ಮೇಲಿದ್ದ ಅಭಿಮಾನ ಒಂದು ಮೊಳ ಏರಿತು. ಸೊಸೆಗೆ ಮಾತ್ರ, ಹೆಂಗಸರಿಗಷ್ಟೇ ಎಂಬ ಗುಲ್ಲಿನಿಂದಲೇ ಪಾಠ ಖರ್ಚಾಗುತ್ತಿರುವಾಗ ಇದೇನು ಗ್ರಹಚಾರ ಎನಿಸಿತು. ಆದರೆ ತಡೆಯಲಿಲ್ಲ. ನಿಜ ಹೇಳುತ್ತಾನೆ ಎಂದೇ ತಾನೇ ಇವನಿಗೆ ಪ್ರತಿ ಕೊಟ್ಟದ್ದು. ಹಾಲ್‌ನ ಮಧ್ಯೆ ನಿಂತು ಅವನು ತಿದ್ದುಪಡಿ ಹೇಳಿದ, ಸಿಳ್ಳೆ ಹಾಕಿ ತೋರಿಸಿದ, ಮಗ ಲೈಟು ಹಿಡಿದ. ಗಂಡಂದಿರು ಕೊಳ್ಳತೊಡಗಿದರು. ಅದಕ್ಕೆ ಹೆಂಡಂದಿರ ಕಡೆಯಿಂದ ಕೆಲವು ಪ್ರತಿಭಟನೆಗಳೂ ಬಂದವು.

ಅಲ್ಲಿಂದ ಮುಂದೆ ಬಿಟ್ಟಿ ಪ್ರತಿಯ ವಿಷಯದಲ್ಲಿ ಮನೆಯಲ್ಲಿ ಜಗಳವಾಗಲಿಲ್ಲ. ಕೇಳಿದವರಿಗೆಲ್ಲ ಮೊದಲ ಪಾಠ. ಅದನ್ನು ನೋಡಿ ಏನು ಮಾಡಿದಿರಿ, ಎಲ್ಲಿ ಎಡವಿದಿರಿ ಎಂದು ನೆಟ್ಟಗೆ ಬರೆದವರಿಗೆ ಪೂರ್ತಿ, ಸಿಳ್ಳೆ ಬಂದರೂ ಸರಿ, ಗಾಳಿ ಬಂದರೂ ಸರಿ. ಮೋಸ ಮಾಡುವವರು ಆಗಲೂ ಇದ್ದರು. ಒಬ್ಬಿಬ್ಬರು ತಗೊಂಡು ಮಾಯವೂ ಆದರು. ಹೋದರೆ ಹೋಗಲಿ, ಎಲ್ಲೋ ಒಂದು ಕಡೆ ಸಿಳ್ಳೆಯಾದರೂ ಹಾಕುತ್ತಿರುತ್ತಾರೆ ಎಂದು ಸೊಸೆಯೇ ಅಂದಳು.

ಆ ಭಾನುವಾರ ಸಂಜೆ ದಂಪತಿಗಳನ್ನು ಬೀಳ್ಕೊಟ್ಟು ಅತ್ತೆ ಸೊಸೆ ಬಾಲ್ಕನಿಯಲ್ಲಿ ನಿಂತಿದ್ದರು. ಕೆಳಗೆ ಬೀದಿಯಲ್ಲಿ ಗಂಡ ಈ ತುದಿಗೆ, ಹೆಂಡತಿ ಆ ತುದಿಗೆ ಹೋಗಿ ನಿಂತು, ಮಕ್ಕಳ ಹಾಗೆ ಒಬ್ಬರನ್ನೊಬ್ಬರು ಸಿಳ್ಳೆ ಹಾಕಿ ಕರೆಯುತ್ತಿದ್ದರು. ನಡುವೆ ಸಿಕ್ಕಿಕೊಂಡ ಜನ ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗುತ್ತಿದ್ದರು.

"ಅತ್ತೆ, ಅಷ್ಟೂ ವಿಡಿಯೋ ಕತ್ತರಿಸಿ ಜೋಡಿಸಿದ್ದು ನಾನು. ಒಂದು ಸಲಾನೂ ಬಾಯಿಗೆ ಬೆರಳಿಟ್ಟು ನೋಡ್ಲಿಲ್ಲ" ಎಂದಳು ಸೊಸೆ. "ನೀವೂ ಯಾಕೆ ಕಲಿಸಲಿಲ್ಲ ನಂಗೆ?"

"ನೀನು ಕೇಳಲಿಲ್ಲವಲ್ಲೇ."

"ಈಗ ಕೇಳ್ತಿದೀನಿ."

ಅತ್ತೆ ಅವಳ ಬಲಗೈ ಹಿಡಿದು, ಯಾವ ಎರಡು ಬೆರಳು ಎಂದು ಆರಿಸಿ, ತುಟಿ ಒದ್ದೆ ಮಾಡಿಕೋ ಎಂದರು. ಸೊಸೆ ಊದಿದಳು. ಬರೀ ಗಾಳಿ. ಅತ್ತೆಗೆ ನಗು ಬಂತು, ಆ ನಗುವಿನಿಂದ ಸೊಸೆಗೆ ನಗು ಬಂತು. ನಗುವವರ ಬಾಯಲ್ಲಿ ಸಿಳ್ಳೆ ನಿಲ್ಲುವುದಿಲ್ಲ ಎಂದು ಅತ್ತೆ ಗದರಲು ಹೋಗಿ, ತಾವೇ ಕಂಬಿ ಹಿಡಿದುಕೊಂಡು ಕೂತುಬಿಟ್ಟರು.